ಐದು ನಿಮಿಷದ ಕೆಲಸ

ಕಂಬದಿಂದ ನಾನು ಬಿದ್ದದ್ದು ಎಲ್ಲರ ಕಣ್ಣೆದುರಿಗೆ. ತರಬೇತಿ ಕೇಂದ್ರದ ಅಂಗಳದಲ್ಲಿ ತಂತಿಯಿಲ್ಲದ ಸಿಮೆಂಟ್ ಕಂಬಗಳನ್ನು ಸಾಲಾಗಿ ನೆಟ್ಟಿದ್ದರು. ಒಬ್ಬೊಬ್ಬರೇ ಏರಿ, ತುದಿ ಮುಟ್ಟಿ ಇಳಿಯಬೇಕು. ಅಂಗಾಲುಗಳನ್ನು ಕಂಬದ ಎರಡು ಬದಿಗೆ ಒತ್ತಿ ಹಿಡಿದು, ಅಂಗೈ ಮೇಲಕ್ಕೆ ಸರಿಸಿ, ಮೈಯನ್ನು ಎಳೆದುಕೊಳ್ಳುವುದು. ಮತ್ತೆ ಅಂಗಾಲು, ಮತ್ತೆ ಅಂಗೈ. ಅಷ್ಟೇ. ನಾನು ಅರ್ಧದವರೆಗೆ ಚೆನ್ನಾಗಿಯೇ ಹೋದೆ. ಅಷ್ಟರಲ್ಲಿ ಕೆಳಗೆ ಯಾರೋ ಪಕ್ಕದವನಿಗೆ ಹೇಳಿದ್ದು ಕಿವಿಗೆ ಬಿತ್ತು: "ಈಕಿ ಗಂಡನೂ ಹಿಂಗ ಕಂಬದ ಮ್ಯಾಲ ಹೋದಾಂವ." ಅಂಗಾಲಿನ ಹಿಡಿತ ತಪ್ಪಿತು. ಬಿದ್ದದ್ದು ಮರಳಿನ ಮೇಲೆ, ಆದರೂ ಎಡ ಮಣಿಕಟ್ಟಿನ ಎಲುಬು ಮುರಿಯಿತು.

ಹೇಳಿದವನ ಮಾತು ಸುಳ್ಳೇನಲ್ಲ. ನನ್ನ ಗಂಡ ಸವದತ್ತಿ ತಾಲೂಕಿನ ಒಂದು ವಿದ್ಯುತ್ ಶಾಖೆಯಲ್ಲಿ ಲೈನ್‌ಮನ್ ಆಗಿದ್ದರು. ಮುರಗೋಡದ ಕಡೆಯ ಒಂದು ಹಳ್ಳಿಯಲ್ಲಿ, ಮುಂಗಾರಿನ ಗಾಳಿಗೆ ಕಳಚಿದ ತಂತಿ ಕೂಡಿಸಲು ಕಂಬ ಏರಿದರು. ಸಬ್‌ಸ್ಟೇಷನ್ನಿನಲ್ಲಿ ಕರೆಂಟು ತೆಗೆಸಿದ್ದರು. ಆದರೆ ಆ ಊರಿನ ಹಿಟ್ಟಿನ ಗಿರಣಿಯವನು ತನ್ನ ಜನರೇಟರ್ ಚಾಲೂ ಮಾಡಿದ. ಆ ಕರೆಂಟು ಟ್ರಾನ್ಸ್‌ಫಾರ್ಮರ್‌ನೊಳಗೆ ಹಿಂದಿನಿಂದ ನುಗ್ಗಿ, ಸತ್ತಿದೆ ಎಂದುಕೊಂಡಿದ್ದ ತಂತಿಗೆ ಜೀವ ಬಂತು. ಕೆಲಸಕ್ಕೆ ಮೊದಲು ತಂತಿಗೆ ಅರ್ಥಿಂಗ್ ರಾಡ್ ಸಿಕ್ಕಿಸಿದ್ದರೆ ಆ ಕರೆಂಟು ನೇರ ನೆಲಕ್ಕೆ ಇಳಿದುಹೋಗುತ್ತಿತ್ತು. ಸಿಕ್ಕಿಸಿರಲಿಲ್ಲ. ಆಗ ನಾನು ಎರಡು ತಿಂಗಳ ಬಸುರಿ. ಮಣ್ಣು ಮಾಡಿದ ಒಂಬತ್ತನೇ ದಿನ ಅದೂ ಹೋಯಿತು.

ಇಲಾಖೆಯ ವಿಚಾರಣಾ ವರದಿಯಲ್ಲಿ ಬರೆದದ್ದನ್ನು ನಾನು ಎಷ್ಟೋ ಸಲ ಓದಿದ್ದೇನೆ. ಅರ್ಥಿಂಗ್ ರಾಡ್ ವಾಹನದಲ್ಲಿ ಲಭ್ಯವಿದ್ದರೂ, ಹಿರಿಯ ಸಿಬ್ಬಂದಿ ಸೂಚಿಸಿದರೂ, ಮೃತರು ಅದನ್ನು ಬಳಸದೆ ಕಂಬ ಏರಿದ್ದಾರೆ; ಇದು ಅವರ ಸ್ವಂತ ನಿರ್ಲಕ್ಷ್ಯ. ನಮ್ಮ ಅತ್ತೆಗೆ ಓದಲು ಬಾರದು. ಆದರೆ ಊರಿನವರು ಬಾಯಿಂದ ಬಾಯಿಗೆ ಅದನ್ನೇ ಹೇಳಿದರು. ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಒಬ್ಬಾತ ಅತ್ತೆಯ ಎದುರಿಗೇ ಅಂದನಂತೆ: "ಹುಡುಗ ಚಲೋ ಇದ್ದ ಬಿಡವಾ, ಆದ್ರ ಕೆಲಸದಾಗ ಧ್ಯಾನ ಇರಲಿಲ್ಲ." ಆ ದಿನದಿಂದ ಅತ್ತೆ ಅಂಗಡಿಗೆ ಹೋಗುವುದನ್ನೇ ಬಿಟ್ಟರು.

ಅನುಕಂಪದ ಮೇಲೆ ನೌಕರಿ ಕೊಡುತ್ತೇವೆಂದಾಗ ಖಾಲಿ ಇದ್ದದ್ದು ಲೈನಿನ ಕೆಲಸ. ಆಫೀಸಿನೊಳಗಿನ ಕೆಲಸ ಬೇಕೆಂದರೆ ಎಷ್ಟು ವರ್ಷ ಕಾಯಬೇಕೋ ಯಾರಿಗೂ ಗೊತ್ತಿರಲಿಲ್ಲ. ಕಟಕೋಳದಿಂದ ನನ್ನ ಅಣ್ಣ ಬಂದು ತವರಿಗೆ ಕರೆದ. ಹೋಗಿದ್ದರೆ ಅತ್ತೆ ಒಬ್ಬರೇ ಉಳಿಯುತ್ತಿದ್ದರು. ನಾನು ಅರ್ಜಿಗೆ ಸಹಿ ಹಾಕಿದ ದಿನ ಅತ್ತೆ ಊಟ ಮಾಡಲಿಲ್ಲ.

"ಮಗನ್ನ ತಿಂದ ಕಂಬಕ್ಕ ಸೊಸೀನೂ ಕಳಸ್ಲೇನು ನಾನು?" ಎಂದರು.

"ಮತ್ತೇನ್ ಮಾಡೂಣ್ರಿ ಅತ್ತಿ?" ಎಂದೆ.

ಹಾಗೆ ಹೋದವಳು ಕೈ ಮುರಿದುಕೊಂಡು ಬಂದೆ. ಪ್ಲಾಸ್ಟರ್ ಬಿಚ್ಚಿದ ಮೇಲೆ ಇನ್ನೊಂದೇ ಅವಕಾಶ ಎಂದು ಕೇಂದ್ರದವರು ಹೇಳಿ ಕಳಿಸಿದ್ದರು. ಆಗ ನೆರವಿಗೆ ಬಂದವರು ನಮ್ಮ ಶಾಖೆಯ ಹಿರಿಯ ಲೈನ್‌ಮನ್. ನನ್ನ ಗಂಡ ಅವರ ಜೋಡಿಯಾಗಿ ಆರು ವರ್ಷ ಕೆಲಸ ಮಾಡಿದ್ದರು. ಸತ್ತ ದಿನವೂ ಕಂಬದ ಕೆಳಗೆ ಇದ್ದವರು ಅವರೇ. ನನ್ನ ಗಂಡ ಕರೆಯುತ್ತಿದ್ದಂತೆ ನಾನೂ ಅವರನ್ನು ಅಣ್ಣಾರ ಎಂದೇ ಕರೆಯುತ್ತಿದ್ದೆ. ಮನೆಯ ಬಾಗಿಲಲ್ಲಿ ನಿಂತು, ಒಳಗೆ ಬರದೆ, "ದಿನಾ ಮುಂಜಾನಿ ಆಫೀಸಿನ ಹಿತ್ತಲಿಗೆ ಬಾ ತಂಗೆವ್ವಾ, ಒಂದು ಹಳೇ ಕಂಬ ಐತಿ. ನಾ ಕಲಸ್ತೇನಿ" ಎಂದರು.

ಒಂದೂವರೆ ತಿಂಗಳು ಕಲಿಸಿದರು. ಒಂದು ದಿನವೂ ತಪ್ಪಿಸಲಿಲ್ಲ. ಹೆಗಲ ಬಲ ನಂಬಬೇಡ, ಅಂಗಾಲನ್ನು ನಂಬು ಎಂದರು. ಹಗ್ಗದ ಗಂಟು, ಬೆಲ್ಟಿನ ಕೊಂಡಿ, ಎಡಗೈಗೆ ಭಾರ ಬೀಳದಂತೆ ಮೈ ವಾಲಿಸುವುದು, ಎಲ್ಲವನ್ನೂ ತೋರಿಸಿದರು. ಇಳಿದ ಮೇಲೆ ಮಗ್ಗಿಯಂತೆ ಕೆಲಸದ ಕ್ರಮ ಒಪ್ಪಿಸಬೇಕಿತ್ತು. ಮೊದಲು ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಕರೆಂಟು ತೆಗೆಸಿ ಲೈನ್ ಕ್ಲಿಯರ್ ತೆಗೆದುಕೊಳ್ಳುವುದು, ಅವರು ಹೇಳುವ ನಂಬರ್ ಬರೆದುಕೊಳ್ಳುವುದು. ಆಮೇಲೆ ಲೈನಿನ ಸ್ವಿಚ್ ಕೆಳಗೆ ಎಳೆದು ಬೀಗ ಹಾಕುವುದು. ಆಮೇಲೆ ಅರ್ಥಿಂಗ್ ರಾಡ್: ಮೊದಲು ನೆಲಕ್ಕೆ, ನಂತರ ತಂತಿಗೆ. ಇಷ್ಟಾದ ಮೇಲೆಯೇ ಕಂಬಕ್ಕೆ ಕೈ. ರಾಡಿನ ಮಾತು ಬಂದಾಗ ಅವರು ನನ್ನ ಮುಖ ನೋಡುತ್ತಿರಲಿಲ್ಲ. ನನ್ನ ದುಃಖ ಕೆದಕಬಾರದೆಂದು ಹಾಗೆ ಮಾಡುತ್ತಾರೆ ಎಂದುಕೊಂಡಿದ್ದೆ. ಎರಡನೇ ಸಲ ನಾನು ಪಾಸಾದೆ. ಸುದ್ದಿ ತಿಳಿಸಿದಾಗ ಅವರು ಹಿತ್ತಲಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಪಾಸಾದರೂ ಶಾಖಾಧಿಕಾರಿಗಳು ನನ್ನನ್ನು ಕಂಬಕ್ಕೆ ಕಳಿಸಲಿಲ್ಲ. ದೂರಿನ ಫೋನ್ ಎತ್ತುವುದು, ವಹಿಯಲ್ಲಿ ಬರೆಯುವುದು ನನ್ನ ಪಾಲಿಗೆ ಬಂತು. "ಕರೆಂಟ್ ಯಾವಾಗ ಬರ್ತೈತ್ರೀ?" ಎಂಬ ಒಂದೇ ಪ್ರಶ್ನೆಗೆ ದಿನಕ್ಕೆ ನೂರು ಸಲ ಉತ್ತರ ಹೇಳುತ್ತ ಎಂಟು ತಿಂಗಳು ಕಳೆದೆ.

ಆ ವರ್ಷ ಶ್ರಾವಣದಲ್ಲಿ ಮಳೆ ಒಂದು ವಾರ ಬಿಡಲಿಲ್ಲ. ಅಣೆಕಟ್ಟಿನ ಬಾಗಿಲು ತೆಗೆದರು. ಮಲಪ್ರಭೆ ಮನೋಳಿಯ ಹತ್ತಿರ ದಂಡೆ ಮೀರಿ ಗದ್ದೆಗಳಿಗೆ ನುಗ್ಗಿತು. ಎಲ್ಲ ಕಡೆ ಕಂಬ ಮುರಿದು, ನಮ್ಮ ಶಾಖೆಯ ಎಲ್ಲ ಜೋಡಿಗಳೂ ಹೊರಗಿದ್ದವು. ಮೂರನೇ ದಿನ ಬೆಳಿಗ್ಗೆ ನದಿಯಂಚಿನ ಒಂದು ಹಳ್ಳಿಯಿಂದ ಫೋನ್ ಬಂತು. ಊರಿಗೆ ಕುಡಿಯುವ ನೀರು ಎತ್ತುವ ಪಂಪಿನ ಲೈನು ಸತ್ತು ಮೂರು ದಿನವಾಗಿದೆ, ಜನ ಹೊಳೆಯ ರಾಡಿ ನೀರನ್ನೇ ಕುಡಿಯುತ್ತಿದ್ದಾರೆ, ವಾಂತಿ-ಭೇದಿ ಶುರುವಾಗಿದೆ ಎಂದು ಅಲ್ಲಿಯ ಆಶಾ ಕಾರ್ಯಕರ್ತೆ ಹೇಳಿದಳು. "ನಿನ್ನಿ ಒಂದು ಮುದುಕಿ ಹೋದ್ಲರಿ. ಇವತ್ತ ಎರಡು ಕೂಸು ಕಣ್ಣ ತಗ್ಯಾವಲ್ಲವು. ರಸ್ತಾದ ಮ್ಯಾಲ ನೀರು ನಿಂತೈತಿ, ಟ್ಯಾಂಕರ್ ಬರಂಗಿಲ್ರಿ."

ಆಫೀಸಿನಲ್ಲಿ ಉಳಿದಿದ್ದವರು ಶಾಖಾಧಿಕಾರಿ ಸಾಹೇಬರು, ಆಗಷ್ಟೇ ಒಂದು ಕಡೆಯ ಕೆಲಸ ಮುಗಿಸಿ ಬಂದ ಅಣ್ಣಾರು, ಮತ್ತು ನಾನು.

"ನೀನೂ ಹೋಗವಾ," ಎಂದರು ಸಾಹೇಬರು. "ಮ್ಯಾಲ ಏರೂದು ಅವರು. ನೀ ಕೆಳಗ ನಿಂತು ಸಾಮಾನ ಕೊಡು."

ಎರೆಮಣ್ಣಿನ ದಾರಿಯಲ್ಲಿ ಜೀಪು ಎರಡು ಕಿಲೋಮೀಟರ್ ಮೊದಲೇ ಹೂತುಹೋಯಿತು. ಡ್ರೈವರ್ ಟ್ರ್ಯಾಕ್ಟರ್ ಹುಡುಕಿಕೊಂಡು ಹೋದ. ಏಣಿ ಹೊರುವ ಮಾತೇ ಇರಲಿಲ್ಲ. ಹಗ್ಗ, ಬೆಲ್ಟು, ಪಿಂಗಾಣಿ ಇನ್ಸುಲೇಟರ್‌ಗಳು, ತಂತಿಯ ಸುರುಳಿ, ಚೀಲದ ತುಂಬ ಬೋಲ್ಟು ತಿರುಗಿಸುವ ಪಾನಾ-ಪಕ್ಕಡಗಳನ್ನು ಇಬ್ಬರೂ ಹಂಚಿಕೊಂಡೆವು. ರಾಡುಗಳ ಗಂಟು ಭಾರ. ಕೆಟ್ಟದ್ದು ಎಲ್ಲಿದೆಯೆಂದು ಮೊದಲು ನೋಡಿ ಬರೋಣ, ಆಮೇಲೆ ಅದನ್ನು ತರೋಣ ಎಂದು ಅಣ್ಣಾರು ಅಂದರು. ಪ್ರತಿ ಹೆಜ್ಜೆಗೂ ಕಾಲಿಗೆ ಎರಡೆರಡು ಸೇರು ಮಣ್ಣು ಅಂಟುತ್ತಿತ್ತು.

ಕೆಟ್ಟದ್ದು ಊರ ಹೊರಗೇ ಇತ್ತು. ದೊಡ್ಡದೊಂದು ಜಾಲಿಯ ಮರ ಲೈನಿನ ಮೇಲೆ ಮುರಿದುಬಿದ್ದು, ಕಂಬದ ತುದಿಯ ಅಡ್ಡಪಟ್ಟಿ ವಾಲಿತ್ತು. ಒಂದು ಇನ್ಸುಲೇಟರ್ ಒಡೆದು, ತಂತಿ ಕಂಬದ ಮೈಗೆ ತಗುಲಿ ಜೋತಿತ್ತು. ಊರವರು ಆಗಲೇ ಕೊಡಲಿ ತಂದು ಟೊಂಗೆಗಳನ್ನು ಕಡಿದು ಸರಿಸಿದ್ದರು. ಸುಮಾರು ಐವತ್ತು ಜನ ನಿಂತಿದ್ದರು. ಹೆಂಗಸರು ಖಾಲಿ ಕೊಡಗಳನ್ನು ಹಿಡಿದೇ ಬಂದಿದ್ದರು.

ಅಣ್ಣಾರು ಫೋನಿನಲ್ಲಿ ಲೈನ್ ಕ್ಲಿಯರ್ ತೆಗೆದುಕೊಂಡರು. ಮುನ್ನೂರು ಹೆಜ್ಜೆ ಆಚೆಯ ಕಂಬದಲ್ಲಿದ್ದ ಸ್ವಿಚ್ಚನ್ನು ಎಳೆದು ಬಂದರು. ನಾನು ಚೀಲ ಇಳಿಸಿ, "ನಾ ಹೋಗಿ ರಾಡ್ ತರ್ತೇನ್ರಿ ಅಣ್ಣಾರ" ಎಂದೆ.

ಪಂಚಾಯಿತಿ ಸದಸ್ಯನೊಬ್ಬ ನಡುವೆ ಬಾಯಿ ಹಾಕಿದ. "ಮತ್ತ ಎರಡು ಕಿಲೋಮೀಟರ್ ಹೋಗಿ ಬರೂದೇನ್ರೀ? ಇಲ್ಲಿ ಜನಾ ಸಾಯಾಕತ್ತಾರ. ಲೈನ್ ಬಂದ್ ಐತೆಲ್ಲ, ಏರಿ ಮುಗಸ್ರಿ!"

ಹಿಂದಿನಿಂದ ಇನ್ನೂ ನಾಲ್ಕು ದನಿಗಳು ಸೇರಿದವು. ಅಣ್ಣಾರು ಬೆಲ್ಟ್ ಬಿಗಿಯುತ್ತ, ತಲೆ ಎತ್ತದೆ, ಅಭ್ಯಾಸದ ದನಿಯಲ್ಲಿ ಅಂದರು: "ಬಿಡ ತಂಗೆವ್ವಾ. ಐದು ನಿಮಿಷದ ಕೆಲಸ."

ಅಂದವರು ಅಲ್ಲಿಗೇ ನಿಂತರು. ಬೆಲ್ಟಿನ ಕೊಂಡಿ ಕೈಯಿಂದ ಜಾರಿತು. ಮುಖ ಬೂದಿಯಂತಾಯಿತು. ಕಡಿದು ಹಾಕಿದ ಮರದ ಬೊಡ್ಡೆಯ ಮೇಲೆ ಕುಸಿದು ಕುಳಿತರು. ಎದೆನೋವೇನೋ ಎಂದು ನಾನು ಓಡಿ ಹತ್ತಿರ ಹೋದೆ.

"ಏನಾತ್ರಿ ಅಣ್ಣಾರ? ನೀರು ಬೇಕೇನ್ರಿ?"

ಅವರು ನನಗಷ್ಟೇ ಕೇಳುವಂತೆ ಹೇಳಿದರು. "ಅವತ್ತೂ ಇದ ಮಾತು ಅಂದಿದ್ನಿ."

"ಯಾವತ್ತು?"

"ನಿನ್ನ ಗಂಡಗ. ಅವತ್ತ. ರಾಡ್ ಬ್ಯಾಡ ಬಿಡು, ಐದು ನಿಮಿಷದ ಕೆಲಸ ಅಂತ ನಾನ ಅಂದ್ನಿ. ಎನ್‌ಕ್ವಾಯರಿಯೊಳಗ ಉಲ್ಟಾ ಬರೆಸಿದ್ನಿ. ನಾ ಹಾಕು ಅಂದ್ನಿ, ಅಂವ ಕೇಳಲಿಲ್ಲ ಅಂತ."

ನನಗೆ ಆಗ ಏನಾಯಿತೆಂದು ನೇರವಾಗಿ ಹೇಳುವುದು ಕಷ್ಟ. ಅಳು ಬರಲಿಲ್ಲ. ಕಿವಿಯಲ್ಲಿ ಹೊಳೆಯ ಸದ್ದು ಇದ್ದಕ್ಕಿದ್ದಂತೆ ಜೋರಾಯಿತು. ನನ್ನ ಕೈಯಲ್ಲಿ ದೊಡ್ಡ ಪಾನಾ ಇತ್ತು. ಅದನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಆಮೇಲೆ ನೋಡಿದಾಗ ಅಂಗೈಯಲ್ಲಿ ಅದರ ಅಚ್ಚು ಮೂಡಿತ್ತು. ಅದನ್ನು ಚೀಲದ ಮೇಲೆ ಇಟ್ಟೆ. ತಿರುಗಿ ಜೀಪಿನ ಕಡೆ ನಡೆದೆ. ಹಿಂದೆ ಜನ ಕೂಗಿದರು. ನಾನು ನಿಲ್ಲಲಿಲ್ಲ.

ರಾಡು ತರಲೆಂದು ಹೋದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ನಾನು ಹೊರಟದ್ದು ತವರಿಗೆ. ಡಾಂಬರು ರಸ್ತೆ ಮುಟ್ಟಿದರೆ ಯಾವುದಾದರೂ ಬಸ್ಸು ಸಿಗುತ್ತದೆ, ಕಟಕೋಳಕ್ಕೆ ಹೋಗುತ್ತೇನೆ, ಈ ಕೆಲಸ ಸಾಕು, ಈ ಊರು ಸಾಕು. ದಾರಿಯುದ್ದಕ್ಕೂ ಇಷ್ಟೇ ತಲೆಯಲ್ಲಿದ್ದದ್ದು. ಒಂದೂವರೆ ತಿಂಗಳು ನನ್ನ ಕಾಲು ಹಿಡಿದು ಕಂಬ ಏರಿಸಿದ ಕೈ ಅದು. ಅದೇ ಕೈ ನನ್ನ ಗಂಡನ ಮೇಲೆ ಸುಳ್ಳು ಬರೆಸಿ ಸಹಿ ಮಾಡಿತ್ತು. ಎರಡನ್ನೂ ಒಟ್ಟಿಗೆ ಹೇಗೆ ನೋಡಬೇಕೋ ತಿಳಿಯದೆ ಕೆಸರಿನಲ್ಲಿ ಎರಡು ಸಲ ಬಿದ್ದೆ.

ಜೀಪಿನ ಬಳಿ ಬಂದು ಹಿಂದಿನ ಬಾಗಿಲು ತೆಗೆದು ಕುಳಿತೆ. ಸೀಟಿನ ಕೆಳಗೆ ರಾಡುಗಳ ಗಂಟು ಇತ್ತು. ಅದನ್ನು ನೋಡುತ್ತ ಎಷ್ಟು ಹೊತ್ತು ಕುಳಿತೆನೋ.

ನಾನು ಹೋಗದಿದ್ದರೆ ಅಲ್ಲಿ ಏನಾಗುತ್ತದೆ ಎಂದು ಯೋಚಿಸತೊಡಗಿದೆ. ಐವತ್ತು ಜನ ಒತ್ತಾಯ ಮಾಡುತ್ತಾರೆ. ಅಣ್ಣಾರು ಆ ಸ್ಥಿತಿಯಲ್ಲೇ ಏರುತ್ತಾರೆ. ಆ ಊರಿನಲ್ಲೂ ಗಿರಣಿ ಇರಬಹುದು, ಜನರೇಟರ್ ಇರಬಹುದು. ಅವರ ಹೆಂಡತಿಯನ್ನು ನಾನು ಬಲ್ಲೆ. ನನ್ನ ಗರ್ಭ ಹೋದಾಗ ಆಸ್ಪತ್ರೆಯಲ್ಲಿ ಎರಡು ರಾತ್ರಿ ನನ್ನ ಪಕ್ಕದಲ್ಲಿ ನೆಲದ ಮೇಲೆ ಮಲಗಿದ ಹೆಂಗಸು. ಇದೊಂದೇ ಕಾರಣ ಎಂದರೆ ನನ್ನನ್ನು ನಾನೇ ದೊಡ್ಡವಳನ್ನಾಗಿ ಮಾಡಿಕೊಂಡಂತೆ. ಇನ್ನೊಂದು ಕಾರಣವೂ ಇತ್ತು, ಅದೇ ಹೆಚ್ಚು ಬಲವಾದದ್ದು. ಆ ದಿನ ಕಂಬದ ಕೆಳಗೆ ಇದ್ದದ್ದು ಅವರೊಬ್ಬರೇ. ಅವರು ಇವತ್ತು ಸತ್ತರೆ, ನನ್ನ ಗಂಡನ ತಪ್ಪಲ್ಲ ಎಂದು ಹೇಳಲು ಈ ಲೋಕದಲ್ಲಿ ಯಾರೂ ಉಳಿಯುವುದಿಲ್ಲ.

ಗಂಟು ಹೆಗಲಿಗೇರಿಸಿದೆ. ಎಡಗೈ ಮಣಿಕಟ್ಟು ಚುಚ್ಚಿತು. ತಿರುಗಿ ನಡೆದೆ.

ನಾನು ಮುಟ್ಟಿದಾಗ ಅಣ್ಣಾರು ಬೆಲ್ಟ್ ಬಿಗಿದುಕೊಂಡು ಕಂಬಕ್ಕೆ ಕೈ ಹಚ್ಚಿ ನಿಂತಿದ್ದರು. ಪಂಚಾಯಿತಿ ಸದಸ್ಯ ಅವರ ಬೆನ್ನ ಹಿಂದೆಯೇ ಇದ್ದ. ಅಣ್ಣಾರ ಬೆರಳುಗಳು ಕಂಬದ ಮೇಲೆ ತಾಳ ಹಾಕಿದಂತೆ ನಡುಗುತ್ತಿದ್ದವು.

"ಬೆಲ್ಟ್ ಬಿಚ್ಚರಿ," ಎಂದೆ. "ನಾ ಏರ್ತೇನಿ."

"ತಂಗೆವ್ವಾ..."

"ಬಿಚ್ಚರಿ. ನಿಮ್ಮ ಕೈ ನೋಡ್ರಿ ಒಮ್ಮಿ."

ಸದಸ್ಯ ನಕ್ಕ. "ಹೆಣಮಗಳನ್ನ ಏರಸ್ತಾರಂತ! ಬಿಡ್ರಿ, ಬ್ಯಾರೆ ಊರಿಂದ ಯಾರನ್ನಾರ ಕರಸೂಣು."

"ಯಾರೂ ಬರಂಗಿಲ್ರಿ," ಎಂದೆ ಅವನಿಗೆ. "ಎಲ್ಲಾರೂ ಬ್ಯಾರೆ ಬ್ಯಾರೆ ಕಡೆ ಕಂಬದ ಮ್ಯಾಲ ಅದಾರ. ನೀವೊಂದು ಕೆಲಸಾ ಮಾಡ್ರಿ. ಈ ಊರಾಗ ಜನರೇಟರ್ ಎಷ್ಟು ಅದಾವು?"

ಅವನು ಮುಖ ತಿರುಗಿಸಿದ. ಆಶಾ ಕಾರ್ಯಕರ್ತೆ ಮುಂದೆ ಬಂದಳು. "ಎರಡು ಅದಾವ್ರಿ. ಒಂದು ಗಿರಣಿಯೊಳಗ, ಒಂದು ಇವರ ಮನಿಯೊಳಗ," ಎಂದು ಸದಸ್ಯನನ್ನೇ ತೋರಿಸಿದಳು.

"ಎರಡೂ ಬಂದ್ ಮಾಡಿಸಿ, ಅದರ ಮುಂದ ಮನಷ್ಯಾರನ್ನ ಕುಂದರಿಸಿ ಬರ್ರಿ. ಅಲ್ಲೀತನಾ ನಾ ಕಂಬ ಮುಟ್ಟಂಗಿಲ್ಲ."

ಸದಸ್ಯ ಬೈದ. ಕಂಪ್ಲೇಂಟ್ ಕೊಡುತ್ತೇನೆ ಎಂದ. ಒಬ್ಬ ಮುದುಕ ಕೋಲು ಎತ್ತಿಕೊಂಡು, ನಮ್ಮ ಮೊಮ್ಮಗ ಸತ್ತರೆ ನಿನ್ನ ಬಾಗಿಲಿಗೆ ತಂದು ಹಾಕುತ್ತೇನೆ ಎಂದು ಕೂಗಿದ. ಅದು ನನಗೆ ನಾಟಿತು. ಆದರೂ ಕೊನೆಗೆ ಸದಸ್ಯನೂ ಇನ್ನಿಬ್ಬರೂ ಜನರೇಟರ್ ಬಂದ್ ಮಾಡಿಸಲು ಹೊರಟರು. ಮುಕ್ಕಾಲು ಗಂಟೆ ಹೋಯಿತು. ಆ ಮುಕ್ಕಾಲು ಗಂಟೆಯಲ್ಲಿ ಯಾವ ಕೂಸಿಗೆ ಏನಾಗುತ್ತಿದೆಯೋ ಎಂಬುದನ್ನು ಬಿಟ್ಟರೆ ನನಗೆ ಬೇರೆ ಯೋಚನೆ ಇರಲಿಲ್ಲ.

ಅಷ್ಟರಲ್ಲಿ ನಾನು ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಲೈನ್ ಕ್ಲಿಯರಿನ ನಂಬರನ್ನು ಮತ್ತೊಮ್ಮೆ ಬಾಯಿಬಿಟ್ಟು ಹೇಳಿಸಿದೆ. ಸ್ವಿಚ್ಚಿನ ಕಂಬಕ್ಕೆ ನಡೆದು ಹೋಗಿ ನೋಡಿದೆ. ಹಿಡಿಕೆ ಕೆಳಗಿತ್ತು, ಬೀಗ ಇರಲಿಲ್ಲ. ಚೀಲದಿಂದ ಬೀಗ ತೆಗೆದು ಜಡಿದು, ಕೀಲಿಯನ್ನು ನನ್ನ ಅಂಗಿಯ ಕಿಸೆಯಲ್ಲಿ ಇಟ್ಟು ಗುಂಡಿ ಹಾಕಿದೆ. ಅಣ್ಣಾರು ಹಿಂದೆಯೇ ಬಂದು ನಿಂತು ನೋಡುತ್ತಿದ್ದರು. ಕೀಲಿ ಕೆಳಗಿದ್ದವರ ಬಳಿ ಇರುವುದು ವಾಡಿಕೆ.

"ನೀವು ಇಲ್ಲೆ ನಿಂದರ್ರಿ," ಎಂದೆ. "ಯಾರನ್ನೂ ಈ ಹಿಡಿಕಿ ಹತ್ರ ಬಿಡಬ್ಯಾಡ್ರಿ. ಕೀಲಿ ಮಾತ್ರ ನನ್ನ ಹತ್ರ ಇರ್ತೈತಿ."

ಅವರು ತಲೆಯಾಡಿಸಿದರು.

ಅವರನ್ನು ನಂಬಿ ಅಲ್ಲಿ ನಿಲ್ಲಿಸಿದೆನೆ ಎಂದು ಯಾರಾದರೂ ಕೇಳಿದರೆ, ಇಲ್ಲ. ಆ ಹೊತ್ತಿಗೆ ನಾನು ಯಾರನ್ನೂ ನಂಬುವ ಸ್ಥಿತಿಯಲ್ಲಿರಲಿಲ್ಲ. ಒಂದಾದ ಮೇಲೊಂದು ಮಾಡಬೇಕಾದ ಕೆಲಸಗಳಿದ್ದವು, ಅವನ್ನು ಮಾಡಿದೆ. ಕಂಬದ ಆಚೆ ಈಚೆ ಎರಡೂ ಬದಿಗೆ ನೆಲದ ಗೂಟ ಬಡಿದೆ. ಒದ್ದೆ ನೆಲದಲ್ಲಿ ಅದು ಮೂರು ಏಟಿಗೇ ಇಳಿಯಿತು. ಗೂಟಕ್ಕೆ ಕೇಬಲ್ ಬಿಗಿದು, ಉದ್ದನೆಯ ಕೋಲಿನ ತುದಿಯ ಕೊಕ್ಕೆಯನ್ನು ಒಂದೊಂದೇ ತಂತಿಗೆ ಸಿಕ್ಕಿಸಿದೆ. ಪ್ರತಿ ಸಲವೂ ಕಣ್ಣು ತಾನಾಗಿ ಮುಚ್ಚಿತು. ಕಿಡಿ ಇಲ್ಲ, ಸದ್ದಿಲ್ಲ. ತಂತಿ ನಿಜಕ್ಕೂ ಸತ್ತಿತ್ತು. "ಮೊದಲ ಏರಿದ್ರ ಇಷ್ಟೊತ್ತಿಗೆ ಮುಗೀತಿತ್ತು" ಎಂದು ಯಾರೋ ಗೊಣಗಿದರು. ಅವರ ಮಾತೂ ಖರೆಯೇ.

ಸದಸ್ಯ ಬಂದು, ಎರಡೂ ಬಂದ್ ಆಗಿವೆ, ಮುಂದೆ ಜನ ಕೂತಿದ್ದಾರೆ ಎಂದ. ನಾನು ಬೂಟು ಕಳಚಿದೆ.

ಒದ್ದೆ ಕಂಬ ಸಾಬೂನಿನಂತೆ ಇತ್ತು. ಎರಡು ಗೇಣು ಏರಿದರೆ ಒಂದು ಗೇಣು ಜಾರುತ್ತಿತ್ತು. ಅಂಗಾಲಿನ ಚರ್ಮ ಸುಲಿಯಿತು. ಅರ್ಧಕ್ಕೆ ಬಂದಾಗ ಅಂಗಾಲಿನ ಹಿಡಿತ ತಪ್ಪತೊಡಗಿತು, ತರಬೇತಿಯ ಅಂಗಳದಲ್ಲಿ ತಪ್ಪಿದಂತೆಯೇ. ಕಂಬಕ್ಕೆ ಕೆನ್ನೆ ಒತ್ತಿ ನಿಂತೆ. ಇಳಿದುಬಿಡೋಣ ಎನಿಸಿತು. ಕೈ ಬಿಟ್ಟುಬಿಡೋಣ ಎಂದೂ ಒಂದು ಗಳಿಗೆ ಅನಿಸಿತು. ಅದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಆಮೇಲೆ ಬಲ ಅಂಗಾಲನ್ನು ಒಂದು ಗೇಣು ಮೇಲೆ ಸರಿಸಿದೆ. ಧೈರ್ಯ ಬಂದು ಸರಿಸಿದ್ದಲ್ಲ. ಅಲ್ಲಿ ಹಾಗೇ ನಿಂತಿರಲು ಕಾಲು ಸೋಲುತ್ತಿತ್ತು, ಅದಕ್ಕೆ ಸರಿಸಿದೆ.

ತುದಿ ಸಿಕ್ಕಾಗ ಬೆಲ್ಟನ್ನು ಕಂಬಕ್ಕೆ ಸುತ್ತಿ ಕೊಂಡಿ ಹಾಕಿ, ಎರಡು ಸಲ ಎಳೆದು ನೋಡಿದೆ. ಅಲ್ಲಿಂದ ಹೊಳೆ ಕಾಣುತ್ತಿತ್ತು. ಕಬ್ಬಿನ ಗದ್ದೆಗಳೆಲ್ಲ ಮುಳುಗಿ ಬರೀ ಕೆಂಪು ನೀರು. ನನ್ನ ಗಂಡ ಕೊನೆಗೆ ಏನನ್ನು ನೋಡಿರಬಹುದು ಎಂಬ ಯೋಚನೆ ಬಂತು. ಅದನ್ನು ಅಲ್ಲಿಗೇ ತಡೆದು ಪಾನಾ ತೆಗೆದೆ.

ಒಡೆದ ಇನ್ಸುಲೇಟರಿನ ಬೋಲ್ಟು ತುಕ್ಕು ಹಿಡಿದಿತ್ತು. ಅದನ್ನು ಬಿಚ್ಚಲು ಅರ್ಧ ಗಂಟೆ ಹಿಡಿಯಿತು. ಹಗ್ಗದಲ್ಲಿ ಮೇಲೆಳೆದುಕೊಂಡ ಹೊಸ ಇನ್ಸುಲೇಟರ್ ಎಡಗೈಯಿಂದ ಜಾರಿ ಕೆಳಗೆ ಬಿದ್ದು ಚೂರಾಯಿತು. ಹೆಂಗಸರು ಹಿಂದೆ ಸರಿದು ಚೀರಿದರು. ಇನ್ನೊಂದೇ ಉಳಿದಿತ್ತು. ಅದನ್ನು ಎರಡೂ ಕೈಯಿಂದ ಹಿಡಿದು ಎಳೆದುಕೊಂಡೆ. ಕೂರಿಸಿದೆ. ವಾಲಿದ ಅಡ್ಡಪಟ್ಟಿಯನ್ನು ಕೆಳಗಿನಿಂದ ನಾಲ್ಕು ಜನ ಹಗ್ಗ ಹಾಕಿ ಎಳೆದು ನೇರ ಮಾಡಿದರು. ತಂತಿಯನ್ನು ಅದರ ಮೇಲೆ ಎತ್ತಿಟ್ಟು ಸಣ್ಣ ತಂತಿಯಿಂದ ಬಿಗಿದು ಕಟ್ಟಿದೆ. ಇಳಿದಾಗ, ಏರಿ ಒಂದು ಗಂಟೆ ಇಪ್ಪತ್ತು ನಿಮಿಷವಾಗಿತ್ತು.

ಕೊಕ್ಕೆಗಳನ್ನು ತೆಗೆದು, ಗೂಟ ಕಿತ್ತು, ಸಾಮಾನು ಎಣಿಸಿ, ಸ್ವಿಚ್ಚಿನ ಬೀಗ ತೆಗೆದೆ. ಅಣ್ಣಾರು ನಿಂತಲ್ಲಿಯೇ ನಿಂತಿದ್ದರು. ಮಳೆಯಲ್ಲಿ ಪೂರ್ತಿ ತೊಯ್ದಿದ್ದರು. ಅವರು ಫೋನಿನಲ್ಲಿ ಲೈನ್ ಕ್ಲಿಯರ್ ಮರಳಿಸಿದರು. ಎರಡು ನಿಮಿಷಕ್ಕೆ ಪಂಪ್‌ಹೌಸಿನಿಂದ ಮೋಟಾರಿನ ಸದ್ದು ಬಂತು. ಜನ ಕೊಡ ಹಿಡಿದು ಆ ಕಡೆ ಓಡಿದರು. ನಮ್ಮ ಕಡೆ ಯಾರೂ ತಿರುಗಿ ನೋಡಲಿಲ್ಲ. ನೋಡಬೇಕೆಂದು ನನಗೂ ಇರಲಿಲ್ಲ. ಆಶಾ ಕಾರ್ಯಕರ್ತೆ ಮಾತ್ರ ನಿಂತು, ನನ್ನ ಅಂಗಾಲಿಗೆ ಹತ್ತಿ ಇಟ್ಟು ಪಟ್ಟಿ ಕಟ್ಟಿದಳು. ಎರಡು ಕೂಸುಗಳಲ್ಲಿ ಒಂದು ಮರುದಿನ ತೀರಿಕೊಂಡಿತೆಂದು ಅವಳೇ ಆಮೇಲೆ ಫೋನಿನಲ್ಲಿ ತಿಳಿಸಿದಳು. ಅದು ನಾವು ಹೋಗುವ ಮೊದಲೇ ಕೈಮೀರಿತ್ತು ಎಂದು ಅವಳು ಹೇಳಿದರೂ, ಆ ಮುಕ್ಕಾಲು ಗಂಟೆ ನನ್ನಿಂದ ಹೋಗಿಲ್ಲ. ಮತ್ತೆ ಅದೇ ಕಂಬದ ಕೆಳಗೆ ನಿಂತರೂ ಹಾಗೆಯೇ ಮಾಡುತ್ತೇನೆ ಎಂಬುದೂ ನನಗೆ ಗೊತ್ತು.

ಜೀಪಿನ ಕಡೆ ನಡೆಯುವಾಗ ಅಣ್ಣಾರು ಹತ್ತು ಹೆಜ್ಜೆ ಹಿಂದೆ ಬರುತ್ತಿದ್ದರು. ನಾನು ನಿಂತೆ.

"ಎರಡು ಕೆಲಸಾ ಮಾಡ್ರಿ ಅಣ್ಣಾರ. ಸಾಹೇಬ್ರ ಮುಂದ ಬರದು ಕೊಡ್ರಿ. ಆಮ್ಯಾಲ ಮನಿಗೆ ಬಂದು ನಮ್ಮತ್ತಿ ಮುಂದ ಹೇಳ್ರಿ. ನಾ ಯಾರ ಮುಂದೂ ಹೇಳಂಗಿಲ್ಲ. ನಿಮ್ಮ ಬಾಯಿಂದ ಬರಬೇಕು."

"ನೌಕರಿ ಹೋಗ್ತೈತಿ ತಂಗೆವ್ವಾ."

"ಹೋಗಬಹುದ್ರಿ," ಎಂದೆ. ಬೇರೆ ಏನು ಹೇಳಲಿ?

ಮರುದಿನದಿಂದ ಅವರು ರಜೆ ಹಾಕಿದರು. ನಾಲ್ಕು ದಿನ ಸುದ್ದಿಯಿಲ್ಲ. ಫೋನ್ ಬಂದ್ ಇತ್ತು. ಓಡಿಹೋದರೇನೋ, ಹೊಳೆಗೆ ಬಿದ್ದರೇನೋ ಎಂದು ನಾನು ಒಳಗೊಳಗೇ ಬೆಂದೆ. ಐದನೇ ದಿನ ಸಾಹೇಬರು ನನ್ನನ್ನು ಒಳಗೆ ಕರೆದರು. ಮೇಜಿನ ಮೇಲೆ ಅಣ್ಣಾರ ಕೈಬರಹದ ಎರಡು ಹಾಳೆಗಳಿದ್ದವು.

"ಮುಗದು ಹೋದ ಕೇಸವಾ ಇದು. ಇದನ್ನ ಮ್ಯಾಲ ಕಳಿಸಿದ್ರ ಆ ಮನಷ್ಯಾನ ಸಂಸಾರ ಹಾಳಾಕ್ಕೈತಿ. ನಿನ್ನ ಗಂಡ ತಿರುಗಿ ಬರ್ತಾನೇನು?"

"ಬರಂಗಿಲ್ರಿ ಸಾಹೇಬ್ರ," ಎಂದೆ. "ಆದ್ರ ವರದಿಯೊಳಗ ತಪ್ಪು ನನ್ನ ಗಂಡಂದು ಅಂತ ಐತ್ರಿ. ಈ ಹಾಳಿಗೆ ಆವಕದ ನಂಬರ್ ಹಾಕಿ ನನಗೊಂದು ನಕಲು ಕೊಡ್ರಿ."

ಸಾಹೇಬರು ಗುಮಾಸ್ತನನ್ನು ಕರೆದು, ಆಫೀಸಿನ ವಹಿಯಲ್ಲಿ ದಾಖಲಿಸಿ ನಂಬರ್ ಹಾಕಿಸಿದರು. ಕಾಗದ ಮೇಲಕ್ಕೆ ಹೋಯಿತು. ಅಣ್ಣಾರನ್ನು ಅಮಾನತು ಮಾಡಿದರು. ಹಳೆಯ ವರದಿಯ ಆ ಸಾಲನ್ನು ಇನ್ನೂ ಯಾರೂ ತಿದ್ದಿಲ್ಲ. ನಾನು ತಿಂಗಳಿಗೊಮ್ಮೆ ನೆನಪೋಲೆ ಬರೆಯುತ್ತಿದ್ದೇನೆ.

ಆ ಐದನೇ ದಿನವೇ ಸಂಜೆ ಅಣ್ಣಾರು ನಮ್ಮ ಮನೆಗೆ ಬಂದರು. ಅತ್ತೆ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು. ಅಣ್ಣಾರು ಅವರ ಎದುರಿಗೆ ನೆಲದ ಮೇಲೆ ಕುಳಿತು, ಎಲ್ಲವನ್ನೂ ಹೇಳಿದರು. ತಪ್ಪು ತನ್ನದು ಎಂದರು, ಸುಳ್ಳು ಬರೆಸಿದ್ದೂ ತಾನೇ ಎಂದರು. ಕ್ಷಮೆ ಕೇಳಲಿಲ್ಲ. ಕೇಳಲು ಬಾಯಿ ಬರಲಿಲ್ಲವೇನೋ.

ಅತ್ತೆ ಮೊರ ಕೆಳಗಿಟ್ಟರು. ಅಳುತ್ತಾರೆ, ಶಪಿಸುತ್ತಾರೆ, ಎದ್ದು ಹೊಡೆಯುತ್ತಾರೆ ಎಂದು ಕಾದೆ. ಅವರು ಒಂದೇ ಪ್ರಶ್ನೆ ಕೇಳಿದರು.

"ನೀ ಬ್ಯಾಡ ಅಂದಾಗ ನನ್ನ ಮಗಾ ಏನಂದ?"

ಅಣ್ಣಾರು ಟವೆಲಿನಿಂದ ಮುಖ ಮುಚ್ಚಿಕೊಂಡರು. "ಏನೂ ಅನ್ನಲಿಲ್ಲ ಯವ್ವಾ. ರಾಡ್ ತರಾಕ ಜೀಪಿನ ಕಡೆ ಹೊಂಟಿದ್ದ. ಅರ್ಧಾ ದಾರಿ ಹೋಗಿದ್ದ. ನಾನ ಹೊಳ್ಳಿ ಕರದ್ನಿ."

ಇದು ನನಗೂ ಗೊತ್ತಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತೆ. ಆ ಅರ್ಧ ದಾರಿಯಲ್ಲಿ ತಿರುಗಿ ನಿಂತ ಗಂಡನ ಮುಖ ನನ್ನ ಕಣ್ಣ ಮುಂದೆ ಬಂತು. ಎರಡು ವರ್ಷ ಬಾರದಿದ್ದ ಅಳು ಅಲ್ಲಿ ಬಂತು.

ಅತ್ತೆ ಅಳಲಿಲ್ಲ. "ಹೊಂಟಿದ್ನಲ್ಲ," ಎಂದರು, ಮೆಲ್ಲಗೆ, ತಮಗೆ ತಾವೇ. "ಹಂಗಾದ್ರ ನನ್ನ ಮಗಗ ಕೆಲಸಾ ಗೊತ್ತಿತ್ತು." ಆಮೇಲೆ ಅಣ್ಣಾರಿಗೆ, "ನೀ ಇನ್ನ ಹೋಗಪಾ. ಈ ಮನಿಗೆ ಮತ್ತ ಬರಬ್ಯಾಡ," ಎಂದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಅಣ್ಣಾರು ಎದ್ದು ಹೋದರು.

ಕತ್ತಲಾಗುತ್ತ ಬಂತು. ನಾನು ದೀಪ ಹಾಕಲೂ ಏಳಲಿಲ್ಲ. ಅತ್ತೆ ಮತ್ತೆ ಮೊರ ಎತ್ತಿಕೊಂಡು, ಕಾಳಿನಲ್ಲಿ ಕಲ್ಲು ಹುಡುಕುತ್ತ, ನನ್ನ ಕಡೆ ನೋಡದೆ ಕೇಳಿದರು:

"ನಾಳೆ ನಿನ್ನ ಡ್ಯೂಟಿ ಐತೇನು?"

"ಐತ್ರಿ ಅತ್ತಿ."

"ಎಷ್ಟಕ್ಕ ಎಬ್ಬಿಸ್ಲಿ?"